ಹೊಳೆ ಪಾಠಕ್ಕೆ ಎರಡು ವರ್ಷ ಸಾಲದು

ಪೇಪರ್ ತೆಗೆದರೆ ಟಿಎಂಸಿ, ಟಿವಿ ಹಾಕಿದರೆ ಕ್ಯುಸೆಕ್. ಮಳೆಗಾಲ ಬಂತೆಂದರೆ ಈ ಎರಡು ಪದ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತವೆ. ಒಂದು ಕ್ಯುಸೆಕ್ ನೀರು ನೋಡೋಕೆ ಹೇಗಿರುತ್ತದೆ ಅಂತ ಗೊತ್ತಿರುವವರು ಕೈ ಎತ್ತಿ ನೋಡೋಣ. ಇಡೀ ಸಭೆಯಲ್ಲಿ ಮೂರು ಕೈ. ಅದರಲ್ಲಿ ಒಬ್ಬರು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಅವರನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ನಾಚಿಕೆ ಪಡುವಂಥದ್ದೇನಿಲ್ಲ. ನಾನು ಪಾಠ ಮಾಡುವ ಎಂಎಸ್ಸಿ ಮಕ್ಕಳಿಗೂ ಗೊತ್ತಿರುವುದಿಲ್ಲ. ಪರೀಕ್ಷೆಯಲ್ಲಿ ಕೇಳಿದರೆ ಸರಿಯಾಗಿ ಬರೆಯುತ್ತಾರೆ: ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಅದೇ ಮಕ್ಕಳನ್ನು ಹೊಳೆ ಮುಂದೆ ನಿಲ್ಲಿಸಿ, ಇಲ್ಲಿ ಎಷ್ಟು ಕ್ಯುಸೆಕ್ ಹರೀತಿದೆ ಹೇಳಿ ಅಂದರೆ ಒಬ್ಬ ಹತ್ತು ಅನ್ನುತ್ತಾನೆ, ಪಕ್ಕದವಳು ಸಾವಿರ ಅನ್ನುತ್ತಾಳೆ. ಹಾಗಾಗಿ ನನ್ನ ಮೊದಲ ಪಾಠ ಕ್ಲಾಸಿನಲ್ಲಿ ನಡೆಯುವುದಿಲ್ಲ. ಒಂದು ಟೇಪು, ಒಂದು ಹಗ್ಗ, ಒಂದು ಉದ್ದನೆಯ ಕೋಲು, ಮೊಬೈಲಿನ ಸ್ಟಾಪ್‌ವಾಚು, ಅರ್ಧ ಡಜನ್ ಕಿತ್ತಳೆ ಹಣ್ಣು. ಇಷ್ಟು ಹಿಡಿದುಕೊಂಡು ಮಲೆನಾಡಿನ ಒಂದು ಹಳ್ಳಕ್ಕೆ ಹೋಗುತ್ತೇವೆ.

ಕಿತ್ತಳೆಯೇ ಯಾಕೆ ಅಂತ ಪ್ರತಿ ವರ್ಷ ಕೇಳುತ್ತಾರೆ. ಎಲೆ ಬಿಟ್ಟರೆ ಗಾಳಿ ತಳ್ಳುತ್ತದೆ. ಖಾಲಿ ಬಾಟಲಿಯೂ ಅಷ್ಟೇ. ಕಿತ್ತಳೆ ಮುಕ್ಕಾಲು ಪಾಲು ನೀರೊಳಗೇ ಮುಳುಗಿ ತೇಲುತ್ತದೆ, ನೀರು ಕರೆದುಕೊಂಡು ಹೋದ ಕಡೆಗೇ ಹೋಗುತ್ತದೆ. ದೂರಕ್ಕೂ ಕಾಣುತ್ತದೆ. ಕಲ್ಲಿಗೆ ಬಡಿದರೂ ಒಡೆಯುವುದಿಲ್ಲ. ಕೆಲಸ ಮುಗಿದ ಮೇಲೆ ತಿನ್ನಲೂಬಹುದು. ಯಾವ ಯಂತ್ರಕ್ಕಿದೆ ಈ ಗುಣ?

ಒಂದು ದಿನದ ಲೆಕ್ಕ ಹೇಳುತ್ತೇನೆ. ಹಳ್ಳದ ಅಗಲ 12 ಮೀಟರ್. ಮೀಟರಿಗೊಂದು ಕಡೆ ಕೋಲು ಇಳಿಸಿ ನೋಡಿದಾಗ ಸರಾಸರಿ ಆಳ ಅರ್ಧ ಮೀಟರ್. ಅಗಲ ಆಳ ಗುಣಿಸಿದರೆ 6 ಚದರ ಮೀಟರ್. ಕಿತ್ತಳೆ 20 ಮೀಟರ್ ಸಾಗಲು 40 ಸೆಕೆಂಡ್ ತೆಗೆದುಕೊಂಡಿತು, ಅಂದರೆ ಸೆಕೆಂಡಿಗೆ ಅರ್ಧ ಮೀಟರ್. ಆದರೆ ಅದು ಮೇಲ್ಮೈಯ ವೇಗ. ಕೆಳಗಿನ ನೀರು ಕಲ್ಲಿಗೆ ಉಜ್ಜಿಕೊಂಡು ನಿಧಾನ ಹೋಗುತ್ತದೆ, ಅದಕ್ಕೆ 0.85ರಿಂದ ಗುಣಿಸಬೇಕು. ಒರಟು ಕಲ್ಲಿನ ತಳವಾದರೆ ಇನ್ನೂ ಕಡಿಮೆ ಹಿಡಿಯುವವರಿದ್ದಾರೆ. ಕೊನೆಗೆ ಸಿಕ್ಕಿದ್ದು ಸೆಕೆಂಡಿಗೆ 2,550 ಲೀಟರ್. ಸುಮಾರು 90 ಕ್ಯುಸೆಕ್.

ಒಬ್ಬ ಹುಡುಗ ಕೇಳಿದ, "ಮೇಡಂ, 0.85 ಅಂತ ನಾವು ಯಾಕೆ ನಂಬಬೇಕು?" ಅಂಗೈ ಅಗಲ ಮಾಡಿ ನೀರಿನ ಮೇಲ್ಗಡೆ ಇಡು, ಆಮೇಲೆ ತಳದ ಕಲ್ಲಿನ ಹತ್ತಿರ ಇಡು ಅಂದೆ. ಇಟ್ಟ. ಮೇಲೆ ಕೈ ಎಳೆದುಕೊಂಡು ಹೋಯಿತು, ಕೆಳಗೆ ಸುಮ್ನೆ ನಿಂತಿತು. ಅವನ ಮುಖ ನೋಡಬೇಕಿತ್ತು ನೀವು. 0.85 ಎಂಬ ಅಂಕಿ ಅವನ ಅಂಗೈಗೆ ಬಂದು ಕೂತಿತ್ತು.

ಈಗ ಟಿಎಂಸಿಗೆ ಬನ್ನಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ನಮ್ಮ ಈ 90 ಕ್ಯುಸೆಕ್ಕಿನ ಹಳ್ಳ ಹಗಲು ರಾತ್ರಿ ಹರಿದರೂ ಒಂದು ಟಿಎಂಸಿ ತುಂಬಲು 128 ದಿನಕ್ಕೂ ಜಾಸ್ತಿ ಬೇಕು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಕಾವೇರಿ ನೀರು ಬಿಡಬೇಕು ಅಂತ ಹೇಳಿತಲ್ಲ, ಅಷ್ಟನ್ನು ಈ ಹಳ್ಳ ಒಂದೇ ಕೊಡಬೇಕು ಅಂದರೆ 62 ವರ್ಷ. ಈ ಲೆಕ್ಕವನ್ನು ಮಕ್ಕಳೇ ದಂಡೆ ಮೇಲೆ ಕೂತು ಮಾಡುತ್ತಾರೆ. ಅಂದಿನಿಂದ ಅವರು ಪೇಪರ್ ಓದುವ ರೀತಿಯೇ ಬೇರೆಯಾಗುತ್ತದೆ.

ಆದರೆ ಒಂದು ದಿನದ ಅಳತೆ ಒಂದು ದಿನದ್ದಷ್ಟೇ. ನಾಳೆ ಮಳೆ ಬಂದರೆ? ದಿನಾ ಕಿತ್ತಳೆ ಬಿಡೋಕೆ ಆಗುವುದಿಲ್ಲ. ಅದಕ್ಕೆ ಸೇತುವೆಯ ಕಂಬಕ್ಕೆ ಅಳತೆಪಟ್ಟಿ ಬಡಿಯುತ್ತೇವೆ. ನೀರಿನ ಮಟ್ಟ ಬೇರೆ ಬೇರೆ ಇರುವಾಗ ಹತ್ತಿಪ್ಪತ್ತು ಸಲ ಹರಿವು ಅಳೆದು, ಮಟ್ಟ ಇಷ್ಟಿದ್ದರೆ ಹರಿವು ಇಷ್ಟು ಅಂತ ಒಂದು ಗೆರೆ ಎಳೆಯುತ್ತೇವೆ. ಇಂಜಿನಿಯರುಗಳು ಅದನ್ನು ರೇಟಿಂಗ್ ಕರ್ವ್ ಅನ್ನುತ್ತಾರೆ. ಆಮೇಲೆ ದಿನಾ ಮಟ್ಟ ನೋಡಿ ಬರೆದರೆ ಸಾಕು. ದೊಡ್ಡ ನದಿಗಳಲ್ಲಿ ಕೇಂದ್ರ ಜಲ ಆಯೋಗ ಮಾಡುವುದೂ ಮೂಲದಲ್ಲಿ ಇದನ್ನೇ. ನಾವು ಎರಡು ರಾಜ್ಯದವರು ಬೀದಿಗಿಳಿದು ಜಗಳ ಮಾಡುವ ಅಂಕಿಗಳ ಹಿಂದೆ, ಬೆಳಿಗ್ಗೆ ಎದ್ದು ಹೊಳೆಗೆ ಹೋಗಿ ಪಟ್ಟಿ ನೋಡಿ ಪುಸ್ತಕದಲ್ಲಿ ಬರೆಯುವ ಒಬ್ಬ ನೌಕರ ಇರುತ್ತಾನೆ. ಈಗೀಗ ಸೆನ್ಸರ್‌ಗಳು ಬಂದಿವೆ, ಆದರೂ ಅವು ಸರಿ ಹೇಳುತ್ತಿವೆಯಾ ಅಂತ ನೋಡಲು ಪಟ್ಟಿ ಬೇಕೇ ಬೇಕು.

ಈ ಗೆರೆಯೂ ಒಮ್ಮೆ ಎಳೆದರೆ ಮುಗಿಯಿತು ಅನ್ನುವ ಹಾಗಿಲ್ಲ. ನಮ್ಮ ಹಳ್ಳದಲ್ಲಿ ಒಂದು ಬೇಸಿಗೆ ಸೇತುವೆಯ ಕೆಳಗಡೆ ಮರಳು ಎತ್ತಿದರು. ತಳ ಇಳಿಯಿತು. ಮಳೆಗಾಲದಲ್ಲಿ ಪಟ್ಟಿ ತೋರಿಸುವ ಮಟ್ಟ ಅದೇ, ಹರಿಯುವ ನೀರು ಬೇರೆ. ಹಳೇ ಗೆರೆ ಕಸದ ಬುಟ್ಟಿಗೆ. ಆ ಬ್ಯಾಚಿನವರು ಅತ್ತುಕೊಂಡೇ ಮತ್ತೆ ಎಲ್ಲ ಅಳೆದರು. ಮರಳು ದಂಧೆಯ ಬಗ್ಗೆ ನಾನು ಕೊಟ್ಟ ಎಷ್ಟೋ ಉಪನ್ಯಾಸಕ್ಕಿಂತ ಆ ಒಂದು ವರ್ಷ ಅವರಿಗೆ ಚೆನ್ನಾಗಿ ಪಾಠ ಕಲಿಸಿತು.

ಅಳತೆಪಟ್ಟಿ ಬಡಿಯುವಾಗ ನಡೆದದ್ದು ಒಂದು ಹೇಳಲೇಬೇಕು. ಮಕ್ಕಳು ಬಿಸಿಲಲ್ಲಿ ಒದ್ದಾಡುತ್ತಿದ್ದರು. ಪಕ್ಕದ ತೋಟದ ಅಜ್ಜ ಕವಳ ಹಾಕಿಕೊಂಡು ನೋಡುತ್ತ ನಿಂತಿದ್ದವರು, "ಅಷ್ಟು ಕಷ್ಟ ಯಾಕೆ ಪಡ್ತೀರಿ ತಮ್ಮಾ, ಎಮ್ಮೆಬಂಡೆ ಇದೆಯಲ್ಲ" ಅಂದರು. ನೋಡಿದರೆ ಹೊಳೆ ನಡುವೆ ಮಲಗಿದ ಎಮ್ಮೆಯ ಹಾಗೆ ಒಂದು ಬಂಡೆ. ಬೆನ್ನು ಮುಳುಗಿದರೆ ಆಚೆ ಮನೆ ಮಕ್ಕಳಿಗೆ ಶಾಲೆ ಇಲ್ಲ. ಕೊಂಬು ಮುಳುಗಿದರೆ ಹೊಳೆ ದಾಟುವ ಕಾಲುಸಂಕ ಹೋಯಿತು ಅಂತಲೇ ಲೆಕ್ಕ. ಕೊಂಬು ಮುಳುಗಿದ ವರ್ಷಗಳನ್ನೆಲ್ಲ ಅಜ್ಜ ಬೆರಳು ಮಡಚಿ ಎಣಿಸಿದರು. ಮಗಳ ಮದುವೆ ವರ್ಷ, ಕೊಟ್ಟಿಗೆ ಬಿದ್ದ ವರ್ಷ, ಹೀಗೆ.

ಒಬ್ಬಳು ವಿದ್ಯಾರ್ಥಿನಿ ಇದನ್ನು ಬಿಡಲಿಲ್ಲ. ಲೆವೆಲ್ ಉಪಕರಣ ಇಟ್ಟು ಬೆನ್ನಿನ ಎತ್ತರ, ಕೊಂಬಿನ ಎತ್ತರ ಅಳೆದಳು. ಪಟ್ಟಿಯ ಲೆಕ್ಕದಲ್ಲಿ ಕೊಂಬಿನ ತುದಿ 3.1 ಮೀಟರ್. ಆಮೇಲೆ ಹತ್ತಿರದ ಕಾಫಿ ಎಸ್ಟೇಟಿಗೆ ಹೋಗಿ ಮಳೆ ರಿಜಿಸ್ಟರ್ ಕೇಳಿದಳು. ನಿಮಗೆ ಗೊತ್ತಿರಬಹುದು, ಎಸ್ಟೇಟುಗಳಲ್ಲಿ ಮಳೆಯನ್ನು ಇಂಚು, ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು) ಅಂತ ದಿನಾ ಬರೆದಿಡುತ್ತಾರೆ, ತಾತನ ಕಾಲದಿಂದ. ಅಜ್ಜ ಹೇಳಿದ ವರ್ಷಗಳನ್ನು ಅದರ ಪಕ್ಕ ಇಟ್ಟು ನೋಡಿದಳು. ಒಂದು ವರ್ಷ ಬಿಟ್ಟು ಉಳಿದವೆಲ್ಲ ತಾಳೆಯಾದವು. ಯಾವ ಇಲಾಖೆಯ ಕಡತದಲ್ಲೂ ಇಲ್ಲದ ನೆರೆಯ ಚರಿತ್ರೆ ಅದು. ತಾಳೆಯಾಗದ ಆ ಒಂದು ವರ್ಷದ ಬಗ್ಗೆ ಅಜ್ಜ ಈಗಲೂ ಎಸ್ಟೇಟಿನವರದ್ದೇ ತಪ್ಪು ಅನ್ನುತ್ತಾರೆ.

ಈಗ ನಮ್ಮ ವಿಶ್ವವಿದ್ಯಾಲಯಗಳ ವಿಷಯಕ್ಕೆ ಬರುತ್ತೇನೆ. ಎಂಎಸ್ಸಿ ಎರಡು ವರ್ಷ, ಪ್ರಾಜೆಕ್ಟು ಕೊನೆಯ ಸೆಮಿಸ್ಟರ್. ಆ ಸೆಮಿಸ್ಟರ್ ನನ್ನ ಅನುಭವದಲ್ಲಿ ಬಹುತೇಕ ಬೇಸಿಗೆಗೇ ಬೀಳುತ್ತದೆ. ಅಂದರೆ ಹೊಳೆಯಲ್ಲಿ ನೀರಿಲ್ಲದಾಗ ನಮ್ಮ ಮಕ್ಕಳು ಹೊಳೆ ಅಧ್ಯಯನ ಮಾಡುತ್ತಾರೆ! ಮಳೆಗಾಲ ಬರುವ ಹೊತ್ತಿಗೆ ವೈವಾ ಮುಗಿದು ಊರಿಗೆ ಹೋಗಿರುತ್ತಾರೆ. ಮೂರು ಜಾಗ, ಮೂರು ಬಾಟಲಿ, ಒಂದು ಟೇಬಲ್, ಇಂಥ ನದಿಯ ನೀರಿನ ಗುಣಮಟ್ಟ ಅಂತ ಒಂದು ಹೆಸರು. ಬೈಂಡ್ ಮಾಡಿಸಿ ಬೀರುವಿನಲ್ಲಿಟ್ಟರೆ ಮುಗಿಯಿತು.

ನಾನೇನು ಸಾಚಾ ಅಲ್ಲ. ಅಂಥ ಪ್ರಾಜೆಕ್ಟುಗಳಿಗೆ ನಾನೂ ಸಹಿ ಹಾಕಿದ್ದೇನೆ. ಒಂದು ಸಲ ಒಬ್ಬ ಹುಡುಗ ಕೊಳಚೆ ಸೇರುವ ಹೊಳೆಯ ನೀರನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ಬಂದ. ಮಾರನೇ ದಿನ ಲ್ಯಾಬಿನಲ್ಲಿ ನೋಡಿದರೆ ಕರಗಿದ ಆಮ್ಲಜನಕ ಸೊನ್ನೆಯ ಹತ್ತಿರ. ಜಲಚರಗಳಿಗೆ ಬದುಕಲು ಸಾಧ್ಯವಿಲ್ಲ ಅಂತ ಬರೆದ. ನಾನು ಸಹಿ ಹಾಕಿದೆ. ವೈವಾದಲ್ಲಿ ಹೊರಗಿನ ಪರೀಕ್ಷಕರು ಅವನದೇ ಫೋಟೋ ಪುಟ ತೆಗೆದು ತೋರಿಸಿದರು. ಅದೇ ಜಾಗದಲ್ಲಿ ಇಬ್ಬರು ಹುಡುಗರು ಗಾಳ ಹಾಕಿ ಕೂತಿದ್ದಾರೆ, ಪಕ್ಕದ ಪಾತ್ರೆಯಲ್ಲಿ ಮೀನು! ಬಾಟಲಿಯೊಳಗಿನ ಸೂಕ್ಷ್ಮಜೀವಿಗಳು ರಾತ್ರಿಯಿಡೀ ಆಮ್ಲಜನಕ ತಿಂದು ಮುಗಿಸಿದ್ದವು. ಹೊಳೆ ದಂಡೆಯಲ್ಲೇ ರಾಸಾಯನಿಕ ಹಾಕಿ ಆಮ್ಲಜನಕವನ್ನು ಹಿಡಿದಿಡಬೇಕು. ಹಂಗೇರಿಯ ರಸಾಯನವಿಜ್ಞಾನಿ ವಿಂಕ್ಲರ್ 1888ರಲ್ಲೇ ದಾರಿ ತೋರಿಸಿದ್ದಾರೆ. ಅದನ್ನು ಹೇಳಿಕೊಡದೇ ಇದ್ದದ್ದು ನನ್ನ ತಪ್ಪು, ಹುಡುಗನದ್ದಲ್ಲ.

ಒಂದು ಸೆಮಿಸ್ಟರಿನಲ್ಲಿ ಕಾಣದ ಸಂಗತಿಗಳೇ ಹೊಳೆಯಲ್ಲಿ ಜಾಸ್ತಿ. ತುಂಗಭದ್ರಾ ನೋಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾದಾಗ ಇಡೀ ರಾಜ್ಯ ಎದ್ದು ಕೂತಿತು. ಆದರೆ ಅದೇ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105.78ಕ್ಕೆ ಇಳಿದಿದೆ. ಇಪ್ಪತ್ತೇಳು ಟಿಎಂಸಿಯ ಜಾಗವನ್ನು ಹೂಳು ತಿಂದಿದೆ. ವರ್ಷಕ್ಕೆ ಹಾಕಿದರೆ ಅರ್ಧ ಟಿಎಂಸಿಯೂ ಬರುವುದಿಲ್ಲ. ಯಾವ ಒಂದು ವರ್ಷವೂ ಯಾರೂ ಎದ್ದು ಕೂರಲಿಲ್ಲ. ಹೂಳು ಸದ್ದು ಮಾಡುವುದಿಲ್ಲ ನೋಡಿ.

ಇನ್ನು ಅರ್ಕಾವತಿ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ನದಿ ಸಂಶೋಧನೆ ಹೇಗಿರಬೇಕು ಅಂತ ಮಕ್ಕಳು ಕೇಳಿದಾಗ ನಾನು ತೋರಿಸುವುದು ಇದನ್ನೇ. ನಂದಿ ಬೆಟ್ಟದ ಕಡೆ ಹುಟ್ಟಿ, ದೊಡ್ಡಬಳ್ಳಾಪುರ, ರಾಮನಗರ, ಕನಕಪುರದ ಸೀಮೆ ಹಾದು ಸಂಗಮದಲ್ಲಿ ಕಾವೇರಿ ಸೇರುವ ನದಿ. ಬೆಂಗಳೂರಿಗೆ ಮೊದಲು ನಲ್ಲಿ ನೀರು ಬಂದದ್ದು ಇದರಿಂದ, 1890ರ ದಶಕದಲ್ಲಿ, ಹೆಸರಘಟ್ಟದ ಕೆರೆಯಿಂದ. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಆಯಿತು. ಆಮೇಲೆ ಹೊಳೆ ಒಣಗುತ್ತ ಬಂತು. ಹೆಸರಘಟ್ಟ ವರ್ಷಗಟ್ಟಲೆ ಖಾಲಿ ಬಿದ್ದಿತ್ತು, ತಿಪ್ಪಗೊಂಡನಹಳ್ಳಿಗೆ ಬರುವ ನೀರು ಸಣ್ಣಗಾಯಿತು.

ಯಾಕೆ ಅಂತ ಕ್ಲಾಸಿನಲ್ಲಿ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಮಳೆ ಕಡಿಮೆ ಆಗಿದೆ ಮೇಡಂ. ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯವರು ಹೊರದೇಶದ ಸಂಶೋಧಕರ ಜೊತೆ ಸೇರಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೊಲೀಸರು ಅನುಮಾನ ಇರುವವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರಲ್ಲ, ಹಾಗೆ ಕಾರಣಗಳನ್ನು ನಿಲ್ಲಿಸಿದರು. ಮಳೆ, ಉಷ್ಣತೆ, ಕೊಳವೆಬಾವಿ, ನೀಲಗಿರಿ ತೋಪು, ಹಳ್ಳಗಳಿಗೆ ಅಡ್ಡ ಕಟ್ಟಿದ ಒಡ್ಡುಗಳು. ಒಬ್ಬೊಬ್ಬರನ್ನೇ ವಿಚಾರಿಸಿದರು. ಹೊಳೆ ಒಣಗುವಷ್ಟು ಮಳೆ ಕಡಿಮೆ ಆಗಿರಲಿಲ್ಲ. ಉಷ್ಣತೆಯ ಏರಿಕೆಯೂ ಅಷ್ಟಕ್ಕೆ ಸಾಲದು. ಅವರಿಬ್ಬರನ್ನು ಮನೆಗೆ ಕಳಿಸಿದರು. ಅನುಮಾನ ಉಳಿದದ್ದು ಅಂತರ್ಜಲ ಎತ್ತಿದ್ದರ ಮೇಲೆ, ನೀಲಗಿರಿಯ ಮೇಲೆ, ಸ್ವಲ್ಪ ಮಟ್ಟಿಗೆ ಒಡ್ಡುಗಳ ಮೇಲೆ.

ಅದು ಹೇಗೆ ಅಂತ ನಿಮ್ಮ ಊರಿನ ಹಳೇ ತೆರೆದ ಬಾವಿ ನೆನಪಿಸಿಕೊಂಡರೆ ಗೊತ್ತಾಗುತ್ತದೆ. ಬಗ್ಗಿದರೆ ನೀರು ಕಾಣುತ್ತಿತ್ತು, ಅಲ್ವಾ? ನೆಲದಡಿಯ ನೀರು ಅಷ್ಟು ಮೇಲಿದ್ದಾಗ ಅದು ನಿಧಾನವಾಗಿ ಹಳ್ಳಕ್ಕೆ ಜಿನುಗುತ್ತದೆ. ಮಳೆ ನಿಂತು ಮೂರು ತಿಂಗಳಾದರೂ ಹಳ್ಳ ಹರಿಯುವುದು ಅದರಿಂದ. ಸಾವಿರ ಅಡಿ ಕೊರೆದು ಆ ನೀರನ್ನು ಎತ್ತಿದ ಮೇಲೆ ಲೆಕ್ಕ ತಿರುಗುಮುರುಗು. ಹಳ್ಳಕ್ಕೆ ಬಂದ ನೀರನ್ನೇ ಒಣಗಿದ ನೆಲ ಕುಡಿಯುತ್ತದೆ.

ಅಮೆರಿಕದ ಭೂವಿಜ್ಞಾನಿ ಚೇಂಬರ್ಲಿನ್ 1890ರಲ್ಲೇ ಎಚ್ಚರಿಸಿದ್ದರು: ಒಂದೇ ಊಹೆ ಇಟ್ಟುಕೊಂಡು ಹೊರಟರೆ ಹೆತ್ತ ಮಗುವಿನ ಹಾಗೆ ಅದರ ಮೇಲೆ ಮೋಹ ಬರುತ್ತದೆ, ಅದಕ್ಕೆ ಹಲವು ಊಹೆ ಇಟ್ಟುಕೊಳ್ಳಿ ಅಂತ. ನನ್ನ ಮಕ್ಕಳಿಗೆ ನಾನು ಇಷ್ಟೇ ಹೇಳುವುದು: ನಿಮ್ಮ ಪ್ರಾಜೆಕ್ಟಿನಲ್ಲಿ ಒಬ್ಬನೇ ಕಳ್ಳ ಇದ್ದರೆ ನನ್ನ ಹತ್ತಿರ ತರಬೇಡಿ.

ಒಡ್ಡುಗಳ ವಿಷಯ ಬಂದಾಗ ಕ್ಲಾಸಿನಲ್ಲಿ ಜಗಳ ಗ್ಯಾರಂಟಿ. ಮೇಲಿನ ಹಳ್ಳಿಯವರಿಗೆ ಒಡ್ಡು ಬೇಕು, ಅವರ ಬಾವಿಗೆ ನೀರು ಬರುತ್ತದೆ. ಆ ನೀರು ಕೆಳಗಿನ ಜಲಾಶಯಕ್ಕೆ ಹೋಗುವುದಿಲ್ಲ. ಮಳೆನೀರು ಇಂಗಿಸಿ ಅಂತ ಗೋಡೆ ಗೋಡೆ ಮೇಲೆ ಬರೆದ ನಾವು, ಇಂಗಿಸಿದರೆ ಹೊಳೆಗೆ ಏನು ಉಳಿಯುತ್ತದೆ ಅಂತ ಕೇಳಿಕೊಂಡಿದ್ದು ಕಡಿಮೆ. ನದಿ ನಿರ್ವಹಣೆ ಅಂದರೆ ಈ ಜಗಳವೇ. ಅದನ್ನು ಸಿಲಬಸ್ಸಿನಲ್ಲಿ ಕೊನೆಯ ಘಟಕವಾಗಿ ಇಟ್ಟಿದ್ದೇವೆ, ಸಾಮಾನ್ಯವಾಗಿ ಅದಕ್ಕೆ ಸಮಯವೇ ಸಿಗುವುದಿಲ್ಲ.

ನಾನು ಅದನ್ನು ಮೊದಲೇ ಮಾಡಿಬಿಡುತ್ತೇನೆ. ಕಾವೇರಿ ವಾದ ಹಂಚುತ್ತೇನೆ. ಮಂಡ್ಯದ ಮಕ್ಕಳು ತಮಿಳುನಾಡಿನ ಪರ, ಬೇರೆಯವರು ಕರ್ನಾಟಕದ ಪರ. ಒಂದು ವರ್ಷ ಮದ್ದೂರಿನ ಕಡೆಯ ಹುಡುಗ ಸುತರಾಂ ಒಪ್ಪಲಿಲ್ಲ. "ಊರಲ್ಲಿ ಗೊತ್ತಾದರೆ ಮನೆಗೆ ಸೇರಿಸಲ್ಲ ಮೇಡಂ" ಅಂದ. ಆಮೇಲೆ ಒಪ್ಪಿ ಅಲ್ಲಿನ ಭತ್ತದ ಕುರುವೈ ಬೆಳೆ, ಸಾಂಬಾ ಬೆಳೆ, ಮೆಟ್ಟೂರು ಜಲಾಶಯದ ಗೇಟನ್ನು ಜೂನ್ 12ಕ್ಕೆ ತೆಗೆಯುವ ರೂಢಿ ಎಲ್ಲ ಓದಿಕೊಂಡು ಬಂದು ಇಡೀ ಕ್ಲಾಸನ್ನು ಸುಮ್ಮನಾಗಿಸಿದ. ಕೊನೆಗೆ ಹೇಳಿದ, "ಅವರಿಗೂ ನಮ್ಮ ಹಾಗೇ ನಾಟಿ ಹೊತ್ತಿಗೇ ನೀರು ಬೇಕು, ಅಷ್ಟೇ ತಕರಾರು."

ಅದೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಬೇರೆಯದೇ ಪ್ರಶ್ನೆ ಎತ್ತಿದಳು. 2007ರ ನ್ಯಾಯಮಂಡಳಿ ತೀರ್ಪಿನಲ್ಲಿ ಒಟ್ಟು 740 ಟಿಎಂಸಿ. ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7. ಉಳಿದ 14ರಲ್ಲಿ 4 ತಡೆಯಲಾಗದೆ ಸಮುದ್ರಕ್ಕೆ ಹೋಗುವ ನೀರು, 10 ಪರಿಸರಕ್ಕೆ. ಸುಪ್ರೀಂ ಕೋರ್ಟು ಆಮೇಲೆ ರಾಜ್ಯಗಳ ಪಾಲನ್ನು ಬದಲಿಸಿತು, ನಮಗೆ 284.75, ತಮಿಳುನಾಡಿಗೆ 404.25 ಅಂತ. ಅವಳು ಕೇಳಿದ್ದು, "ಆ ಹತ್ತನ್ನು ಯಾವ ತಿಂಗಳು ಬಿಡ್ತಾರೆ?"

ನಾನು ಅಂದು ಬಾಯಿ ಮುಚ್ಚಿಕೊಂಡು ಕೂತೆ. ಮಲೆನಾಡಿನವಳು ಅವಳು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆ ಕೆಂಪಾಗಿ ಏರಿದಾಗ ಮೀನು ಹಳ್ಳ ಹತ್ತಿ, ಗದ್ದೆವರೆಗೂ ಬರುವುದನ್ನು ಕಂಡವಳು. ಹತ್ತುಮೀನು ಅಂತಾರೆ ನಮ್ಮ ಕಡೆ. ಮೊಟ್ಟೆ ಇಡಲು ಹತ್ತುವ ಮೀನಿಗೆ ಹೊಸನೀರಿನ ಏರಿಕೆಯೇ ಕರೆಗಂಟೆ. ವರ್ಷದ ಲೆಕ್ಕದಲ್ಲಿ ನೀರು ಸರಿಯಾಗಿ ಸಂದಾಯವಾದರೂ, ಆ ವಾರ ಅಣೆಕಟ್ಟು ಎಲ್ಲ ನೀರನ್ನು ಹಿಡಿದುಕೊಂಡರೆ ಕೆಳಗಿನ ಮೀನಿಗೆ ಆ ವರ್ಷ ಕರೆಯೇ ಬರುವುದಿಲ್ಲ. ನಾವು ಪ್ರವಾಹ, ಬರ ಅಂತ ಎರಡೇ ಖಾನೆ ಮಾಡಿದ್ದೇವೆ. ಮೀನಿನ ಪಂಚಾಂಗದಲ್ಲಿ ಖಾನೆಗಳು ಇನ್ನೂ ಇವೆ. ಅವಳ ಪ್ರಾಜೆಕ್ಟು ಅದರ ಮೇಲೆಯೇ ಆಯಿತು.

ವಿಷಯ ಬಿಟ್ಟು ಒಂದು ಮಾತು, ಇಲ್ಲಿ ಮೇಷ್ಟ್ರುಗಳು ಇರುವುದರಿಂದ. ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋಗಿ, ಆದರೆ ಮಂಡಿ ಮೇಲಿನ ನೀರಿಗೆ ಯಾರನ್ನೂ ಇಳಿಸಬೇಡಿ. ಈಜು ಬರುತ್ತದೆ ಅನ್ನುವವನನ್ನು ಮೊದಲು ತಡೆಯಿರಿ. ಮರಳು ಎತ್ತಿದ ಗುಂಡಿ ಮೇಲಿಂದ ಕಾಣುವುದಿಲ್ಲ. ಅಣೆಕಟ್ಟಿನ ಕೆಳಗಂತೂ ಬೇಡವೇ ಬೇಡ, ಗೇಟು ಯಾವಾಗ ಎತ್ತುತ್ತಾರೋ ನಿಮಗೆ ಗೊತ್ತಿರುವುದಿಲ್ಲ. ಸೆಲ್ಫಿ ವಿಷಯ ನಾನು ಹೇಳಬೇಕಾಗಿಲ್ಲ.

ಸರಿ, ಎರಡು ವರ್ಷದ ತೊಂದರೆಗೆ ನಾವು ಮಾಡಿಕೊಂಡ ಉಪಾಯ ಹೇಳುತ್ತೇನೆ. ದೊಡ್ಡದೇನಲ್ಲ, ಒಂದು ರಿಜಿಸ್ಟರ್ ಪುಸ್ತಕ. ಒಂದೇ ಹಳ್ಳ, ಒಂದೇ ಸೇತುವೆ. ಹೋಗುವ ಬ್ಯಾಚು ಬರುವ ಬ್ಯಾಚಿಗೆ ಪುಸ್ತಕ ಕೊಟ್ಟು, ಒಂದು ದಿನ ಜೊತೆಗೆ ಹೊಳೆಗೆ ಬಂದು ತೋರಿಸಿ ಹೋಗಬೇಕು. ತಾರೀಖು, ಹೊತ್ತು, ಮಟ್ಟ, ಮಳೆ, ಷರಾ. ಒಂದು ಬ್ಯಾಚಿನವರು ಮಳೆ ನಕ್ಷತ್ರದ ಖಾನೆಯನ್ನೂ ಸೇರಿಸಿದರು, ಆರಿದ್ರಾ, ಪುನರ್ವಸು, ಪುಷ್ಯ ಅಂತ. ಮೊದಲು ನಕ್ಕೆ. ಈಗ ಊರವರು ಪುಸ್ತಕ ನೋಡಲು ಬಂದರೆ ಮೊದಲು ಬೆರಳಿಡುವುದು ಆ ಖಾನೆ ಮೇಲೆಯೇ. ದಿನಾ ಬೆಳಿಗ್ಗೆ ಮಟ್ಟ ಓದಿ ಫೋನಿನಲ್ಲಿ ತಿಳಿಸುವುದು ತೋಟದ ಅಜ್ಜನ ಮೊಮ್ಮಗ.

ಒಂದೇ ಒಂದು ನಿಯಮ: ಓದದ ದಿನ ಖಾಲಿ ಬಿಡಬೇಕು, ಅಂದಾಜು ಬರೆಯಬಾರದು. ಪುಸ್ತಕ ತಿರುವಿದರೆ ಖಾಲಿ ಜಾಗಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಬರುತ್ತವೆ. ಜುಲೈ, ಆಗಸ್ಟ್. ನೀರು ಏರಿತ್ತು, ಹೋಗಲು ಆಗಲಿಲ್ಲ. ಅಂದರೆ ಯಾವ ದಿನದ ಅಂಕಿ ತೀರಾ ಬೇಕೋ ಆ ದಿನವೇ ಅಂಕಿ ಇಲ್ಲ. ಇದು ನಮ್ಮೊಬ್ಬರ ಕಷ್ಟ ಅಲ್ಲ, ನೆರೆ ಅಳೆಯುವ ಎಲ್ಲರದ್ದೂ.

ಮೊನ್ನೆ ಹೋದ ಬ್ಯಾಚಿನಲ್ಲಿ ಒಬ್ಬ ಇದ್ದ, ಅವರಪ್ಪನದು ಮರದ ಮಿಲ್ಲು. ಸೇತುವೆ ಕಂಬಕ್ಕೆ ಒಂದು ಪಿವಿಸಿ ಪೈಪು ನಿಲ್ಲಿಸಿದ. ಕೆಳಗೆ ತೂತು, ಒಳಗೆ ಒಂದು ಉದ್ದನೆಯ ರಿಪೀಸು (ತೆಳ್ಳನೆಯ ಮರದ ಪಟ್ಟಿ), ತಳದಲ್ಲಿ ಒಂದು ಹಿಡಿ ಗರಗಸದ ಹೊಟ್ಟು. ನೀರು ಪೈಪಿನೊಳಗೆ ಏರಿದಂತೆ ಹೊಟ್ಟು ತೇಲಿಕೊಂಡು ಮೇಲೆ ಹೋಗುತ್ತದೆ. ನೀರು ಇಳಿಯುವಾಗ ಎಷ್ಟು ಎತ್ತರಕ್ಕೆ ಹೋಗಿತ್ತೋ ಅಲ್ಲಿ ರಿಪೀಸಿಗೆ ಅಂಟಿಕೊಂಡು ಗೆರೆ ಬಿಡುತ್ತದೆ. ಬೇರೆ ದೇಶಗಳಲ್ಲಿ ಕಾರ್ಕ್ ಪುಡಿ ಹಾಕಿ ಇದನ್ನೇ ಮಾಡುತ್ತಾರೆ. ಇವನಿಗೆ ಹೊಟ್ಟು ಪುಕ್ಕಟೆ ಸಿಗುತ್ತಿತ್ತು.

ಆ ಆಗಸ್ಟಿನಲ್ಲಿ ಒಂದು ರಾತ್ರಿ ಹೊಡೆದ ಮಳೆಗೆ ಕಾಲುಸಂಕ ಹೋಯಿತು. ಬೆಳಿಗ್ಗೆ ಇವನು ಹಾಸ್ಟೆಲಿನಿಂದ ಅಜ್ಜನಿಗೇ ಫೋನ್ ಮಾಡಿದ. "ಅಜ್ಜಾ, ರಾತ್ರಿ ಎಮ್ಮೆಬಂಡೆ ಕೊಂಬು ಕಾಣ್ತಿತ್ತಾ?" "ಆ ಕತ್ತಲಲ್ಲಿ ಕೊಂಬು ಎಲ್ಲಿ ಕಾಣ್ತದೆ ಮಾರಾಯಾ, ನಾವು ಮನೆ ಬಿಟ್ಟು ಗುಡ್ಡ ಹತ್ತಿದ್ದೆವು" ಅಂದರಂತೆ. ಎರಡು ದಿನ ಬಿಟ್ಟು ನೀರು ಇಳಿದ ಮೇಲೆ ಹೋಗಿ ರಿಪೀಸು ಎಳೆದ. ಕಂದು ಬಣ್ಣದ ಗೆರೆ, ಬೆರಳು ತಾಗಿದರೆ ಅಳಿಸಿಹೋಗುವಷ್ಟು ತೆಳ್ಳಗೆ. ಪುಸ್ತಕದ ಆ ದಿನದ ಖಾನೆಯಲ್ಲಿ ಅವನ ಅಕ್ಷರ ಹಾಗೇ ಇದೆ: 3.42 ಮೀಟರ್. ಷರಾ: ಹೊಟ್ಟಿನ ಗೆರೆ, ನೋಡಿದವರು ಯಾರೂ ಇಲ್ಲ.